ಬಳ್ಳಾರಿಯ ಬಂದೂಕು ರಿಪೇರಿ ಅಂಗಡಿ: ಮಾವನವರ ಕೇಪಿನ ಬಂದೂಕಿಗೆ ಗುರಿ ಬಂತು

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆ ಬಂದೂಕು ಗುರಿ ತಪ್ಪುತ್ತಿದೆ ಅಂತ ರಿಪೇರಿಗೆ ಒಯ್ದರೆ, ಬಹಳ ಕಡೆ ಮೊದಲು ಕೈ ಹಾಕುವುದು ನಳಿಗೆ ತುದಿಯ ಮಖ್ಖಿಗೆ, ಅಂದರೆ ಗುರಿ ನೋಡಲು ಇರುವ ಸಣ್ಣ ಮೊಳೆಯಂಥದ್ದಕ್ಕೆ. ಅರ ಹಿಡಿದು ಉಜ್ಜುತ್ತಾರೆ, ಇಲ್ಲ ಸುತ್ತಿಗೆಯಿಂದ ಆಚೀಚೆ ಬಡಿಯುತ್ತಾರೆ, ದುಡ್ಡು ಇಸ್ಕೊಂಡು ಕಳಿಸುತ್ತಾರೆ. ಬಳ್ಳಾರಿ ಪೇಟೆಯಲ್ಲಿ ಒಬ್ಬ ಚಾಚಾ ಇದ್ದಾರೆ. ಅವರು ಮಖ್ಖಿ ಮುಟ್ಟುವುದು ಉಳಿದ ಎಲ್ಲ ಕೆಲಸ ಮುಗಿದ ಮೇಲೆ. ಆ ಒಂದು ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ಹೆಸರು ಹಾಕುತ್ತಿಲ್ಲ. ಚಾಚಾನೇ ಬೇಡ ಅಂದರು. ಹೆಸರು ಗೊತ್ತಾದರೆ ಲೈಸೆನ್ಸ್ ಇಲ್ಲದ ಬಂದೂಕು ಹಿಡಿದು ಜನ ಬರುತ್ತಾರೆ, ಆಗಲ್ಲ ಅಂದರೆ ಜಗಳಕ್ಕೆ ನಿಲ್ಲುತ್ತಾರೆ ಅಂತೆ. ನಮ್ಮ ಕಡೆ ಲೈಸೆನ್ಸ್ ಇರುವ ರೈತರನ್ನು ಕೇಳಿದರೆ ದಾರಿ ಹೇಳುತ್ತಾರೆ. ಅಂಗಡಿಯ ಲೈಸೆನ್ಸನ್ನು ಕಟ್ಟು ಹಾಕಿಸಿ ಬಾಗಿಲ ಎದುರಿನ ಗೋಡೆಗೇ ತೂಗುಹಾಕಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಮಾರುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ, ಹಾರಿಸಿ ಪರೀಕ್ಷೆ ಮಾಡುವುದಕ್ಕೂ ಪರವಾನಗಿ ಬೇಕು. ಊರ ಕಮ್ಮಾರರ ಹತ್ತಿರ ಬೆಸುಗೆ ಹಾಕಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಬಂದೂಕಿಗೂ ಕೇಡು, ಲೈಸೆನ್ಸಿಗೂ ಕೇಡು.

ನಮ್ಮ ಹೊಲ ಇರುವುದು ಸಂಡೂರು ತಾಲ್ಲೂಕಿನಲ್ಲಿ, ಗುಡ್ಡದ ಬುಡಕ್ಕೇ. ಮೆಕ್ಕೆಜೋಳ, ಶೇಂಗಾ ಹಾಕುತ್ತೇವೆ. ತೆನೆ ಹಾಲು ಕಟ್ಟುವ ಹೊತ್ತಿಗೆ ಹಂದಿ ಹಿಂಡು ಇಳಿಯುತ್ತದೆ. ನನ್ನ ಗಂಡನಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ಹೀಗಾಗಿ ರಾತ್ರಿ ಹೊಲ ಕಾಯುವವಳು ನಾನೇ. ಬಂದೂಕು ಮಾವನವರದ್ದು. ಒಂಟಿ ನಳಿಗೆ, ಕೇಪು ಹಾಕಿ ಹೊಡೆಯುವಂಥದ್ದು. ಕೇಪು ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಲೋಹದ ಟೋಪಿ. ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ ಅಂತ ಬರೆದಿದೆ, ಅಂದರೆ ಬಾಯಿಂದ ತುಂಬುವ ಒಂಟಿ ನಳಿಗೆ ಬಂದೂಕು. ಮಾವನವರು ಎಪ್ಪತ್ತು ದಾಟಿದ ಮೇಲೆ ವಾರಸುದಾರಳಾಗಿ ನನ್ನ ಹೆಸರಿಗೆ ಮಾಡಿಸಿಕೊಂಡೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೊಸೆಗೂ ಆ ಅವಕಾಶ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯನ್ನೂ ಮುಗಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಬೇಟೆ ಆಡೋರಿಗೆ ಬರೆದದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲೇ ಇದೆ. ದರೋಜಿ ಕರಡಿಧಾಮ ನಮಗೆ ದೂರ ಇಲ್ಲ, ಕತ್ತಲಲ್ಲಿ ಶೇಂಗಾ ಹೊಲಕ್ಕೆ ಬಂದದ್ದು ಹಂದಿಯೋ ಕರಡಿಯೋ ಅಂತ ಯಾರಿಗೆ ಗೊತ್ತಾಗುತ್ತದೆ? ನಾನು ಹೊಡೆಯುವುದು ಬರೀ ಮದ್ದಿನ ಸದ್ದು. ಆದರೆ ಮನೆಯಲ್ಲಿ ಬಂದೂಕು ಇದೆ ಅಂದ ಮೇಲೆ ಅದರ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರಲೇಬೇಕು. ಪಕ್ಕದ ಹೊಲದಲ್ಲಿ ಮಂಚಿಕೆ ಮೇಲೆ ಜನ ಮಲಗಿರುತ್ತಾರೆ. ಆಚೆಗೆ ಕುರಿ ಹಟ್ಟಿ ಇದೆ. ಖಾತ್ರಿ ಇಲ್ಲದ ಬಂದೂಕು ಇವರೆಲ್ಲರಿಗೂ ಅಪಾಯ ಅಲ್ವಾ?

ಬಂದೂಕಿಗೆ ತುಕ್ಕು ಹಿಡಿದದ್ದು ಬಳಸಿ ಅಲ್ಲ, ಇಟ್ಟು. ಚುನಾವಣೆ ಘೋಷಣೆ ಆದ ತಕ್ಷಣ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಅದು ಸರಿ. ಕೊಡಗಿನ ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ನಮಗೆ ಅಂಥದ್ದೇನೂ ಇಲ್ಲ. ಸಂಡೂರಿನವರಿಗೆ 2024ರಲ್ಲಿ ಇದು ಎರಡು ಸಲ ಬಂತು: ಮೇ ತಿಂಗಳಲ್ಲಿ ಲೋಕಸಭೆ, ನವೆಂಬರಿನಲ್ಲಿ ವಿಧಾನಸಭೆಯ ಉಪಚುನಾವಣೆ. ಠಾಣೆಯಲ್ಲಿ ಗಾಳಿ ಆಡದ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ನಳಿಗೆ ಒಳಗೆ ಕಂದು ಬಣ್ಣ ಏರಿತ್ತು. ಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದೇ ತುಕ್ಕಿಗೆ ಮೂಲ. ಒಪ್ಪಿಸುವ ಮುಂಚೆ ತೊಳೆದು ಎಣ್ಣೆ ಹಚ್ಚಿ ಕೊಟ್ಟರೂ, ಅಷ್ಟು ತಿಂಗಳು ಬಿಚ್ಚಿ ನೋಡುವವರಿಲ್ಲದೆ ನಿಂತರೆ ಏನಾಗಬೇಕು?

ಈಗ ಅಂಗಡಿ ವಿಷಯ. ಚಾಚಾ ಬಂದೂಕನ್ನು ಕೈಗೆ ತಗೊಂಡವರು ಮೊದಲು ಕೇಪು ಕೂರಿಸುವ ಜಾಗ, ಅಂದರೆ ನಿಪ್ಪಲ್, ನೋಡಿದರು. ಆಮೇಲೆ ಮದ್ದು, ಗುಂಡು ಒಳಗೆ ತಳ್ಳುವ ಗಜದ ಕೋಲನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಬಿಟ್ಟರು. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಉಗುರಿಂದ ಗೀರು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ಅಳೆದರು. ಕೋಲಿನ ತುದಿ ನಿಪ್ಪಲ್ ಹತ್ತಿರಕ್ಕೆ ಬಂತು. "ಖಾಲಿ ಐತೆ ಅಕ್ಕಾ, ಈಗ ಮಾತಾಡೋಣ" ಅಂದರು. ಕೋಲು ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಹಳೆ ಮದ್ದು, ಗುಂಡು ಇದೆ ಅಂತ ಅರ್ಥ. ಅಜ್ಜನ ಕಾಲದಲ್ಲಿ ತುಂಬಿ ಮೂಲೆಗಿಟ್ಟ ಬಂದೂಕುಗಳು ಹಾಗೇ ಅವರ ಕೈಗೆ ಬಂದಿವೆಯಂತೆ. ಬಾಯಿಂದ ತುಂಬುವ ಬಂದೂಕನ್ನು ಬಿಚ್ಚಿ ನೋಡಲು ಆಗಲ್ಲ, ಹೊರಗಿಂದ ನೋಡಿದರೂ ತಿಳಿಯಲ್ಲ. ಮನೆಯಲ್ಲಿ ಇಂಥದ್ದು ಇರುವ ಎಲ್ಲರೂ ಈ ಒಂದು ಅಳತೆ ಕಲಿಯಬೇಕು.

ನಾನು ಕೇಳಿದ ಮೊದಲ ಪ್ರಶ್ನೆ, ನಳಿಗೆಯೊಳಗೆ ರೈಫಲಿನ ಗೆರೆ ಕೊರೆಯಲು ಆಗುತ್ತದಾ ಅಂತ. ಗೆರೆ ಇದ್ದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ ಅಂತ ತರಬೇತಿಯಲ್ಲಿ ಕೇಳಿದ್ದೆ. ಚಾಚಾ ಕೈ ಮುಗಿದರು. "ಲೈಸೆನ್ಸ್‌ನಾಗ ಏನು ಬರದೈತೋ ಅದೇ ಇರಬೇಕು. ನಾ ಗೆರೆ ಕೊರದ್ರೆ ನೀವೂ ಒಳಗೆ, ನಾನೂ ಒಳಗೆ." ನುಣ್ಣನೆ ನಳಿಗೆಯನ್ನು ರೈಫಲ್ ಮಾಡಿದರೆ ಅದು ಬೇರೆಯೇ ಆಯುಧ ಆಗುತ್ತದೆ. ಇಷ್ಟು ಖಡಾಖಂಡಿತವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ನಂಬಿಕೆ ಬಂತು.

ಇದರ ಹಿಂದೆ ಒಂದು ಇತಿಹಾಸವೂ ಇದೆ. 1853ರ ಎನ್‌ಫೀಲ್ಡ್ ಬಂದೂಕು ಬಾಯಿಂದ ತುಂಬುವಂಥದ್ದೇ. ಆದರೆ ಒಳಗೆ ಮೂರು ಗೆರೆ ಇದ್ದವು, 78 ಇಂಚಿಗೆ ಒಂದು ಸುತ್ತು. 1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ತೋಟಾ ಇದರದ್ದೇ. ದಂಗೆ ಅಡಗಿಸಿದ ಮೇಲೆ ಬ್ರಿಟಿಷರು ನಮ್ಮ ಸಿಪಾಯಿಗಳಿಗೆ ಗೆರೆ ಇಲ್ಲದ ನುಣ್ಣನೆ ನಳಿಗೆ ಕೊಟ್ಟರು. ಗುರಿ ಇಲ್ಲದ ಬಂದೂಕು ತಿರುಗಿಬಿದ್ದರೆ ಭಯ ಕಡಿಮೆ, ಅಷ್ಟೇ ಲೆಕ್ಕ. ನಮ್ಮ ಪಕ್ಕದ ಕೊಪ್ಪಳ ಕೋಟೆಯಲ್ಲಿ ಮುಂಡರಗಿ ಭೀಮರಾಯ 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತದ್ದು ಇದೇ ದಿನಗಳಲ್ಲಿ. ಆಯುಧ ಯಾರ ಕೈಯಲ್ಲಿ ಎಂಥದ್ದು ಇರಬೇಕು ಅನ್ನುವುದು ಆಗಿನಿಂದಲೂ ಸರ್ಕಾರಗಳ ತಲೆನೋವು.

ಗೆರೆ ಇಲ್ಲದಿದ್ದರೆ ಗುಂಡಿಗೆ ಹಿಡಿತ ಇಲ್ಲ. ನಳಿಗೆಯೊಳಗೆ ಆ ಗೋಡೆಗೆ ಈ ಗೋಡೆಗೆ ಬಡಿದುಕೊಂಡು, ಕೊನೆಗೆ ಯಾವ ಗೋಡೆಗೆ ತಾಗಿತೋ ಅದರ ಎದುರು ಕಡೆಗೆ ಹಾರುತ್ತದೆ. ಹಾಗಾದರೆ ಏನು ಮಾಡಬಹುದು? ಗುಂಡು ನಟ್ಟನಡುವೆ ಕೂರಬೇಕು, ಹಿಂದಿನ ಹೊಗೆ ಪಕ್ಕದಿಂದ ನುಸುಳಬಾರದು, ಗುಂಡು ನಳಿಗೆಯ ಬಾಯಿಂದ ಹೊರಬೀಳುವಾಗ ಸುತ್ತಲೂ ಒಂದೇ ಸಲ ಬಿಡಬೇಕು. ಚಾಚಾ ಮಾಡಿದ ಕೆಲಸವೆಲ್ಲ ಈ ಮೂರರ ಸುತ್ತಲೇ.

ಬಾಯಿಯಿಂದ ಶುರು ಮಾಡಿದರು. ಭೂತಗನ್ನಡಿ ಕೊಟ್ಟು ನನಗೇ ನೋಡಲು ಹೇಳಿದರು. ನಳಿಗೆ ಬಾಯಿಯ ಅಂಚು ಬಲಗಡೆ ಸವೆದು ಇಳಿದಿತ್ತು, ಎಡಗಡೆ ಚೂಪಾಗೇ ಇತ್ತು. ಮಾವನವರು ಬಲಗೈಯವರು. ಕಬ್ಬಿಣದ ಕೋಲನ್ನು ವರ್ಷಗಟ್ಟಲೆ ಒಂದೇ ಕಡೆಗೆ ಒರಗಿಸಿ ತಳ್ಳಿದ್ದಕ್ಕೆ ಹಾಗಾಗಿದೆ. ಗುಂಡು ಹೊರಬೀಳುವಾಗ ಸವೆದ ಕಡೆಯಿಂದ ಹೊಗೆ ಮೊದಲು ಹಾರುತ್ತದೆ, ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಇಂಥ ಬಂದೂಕಿಗೆ ಮಖ್ಖಿ ಉಜ್ಜಿದರೆ ಏನು ಬಂತು? ಚಾಚಾ ಆ ಅಂಚನ್ನು ಸುತ್ತಲೂ ಸಮ ಮಾಡಿ ಕೊಟ್ಟರು. ಕಬ್ಬಿಣದ ಕೋಲು ಬಿಡಿಸಿ ಮರದ ಕೋಲು ಮಾಡಿಕೊಟ್ಟರು. ತಳ್ಳುವಾಗ ಕೋಲು ಅಂಚಿಗೆ ಉಜ್ಜದ ಹಾಗೆ ಬಾಯಿಗೆ ಕೂರಿಸುವ ಒಂದು ಹಿತ್ತಾಳೆ ಬಳೆಯನ್ನೂ ಕೊಟ್ಟರು.

ನಿಪ್ಪಲ್ ಹೊಸದು ಹಾಕಿದರು. ಹಳೆಯದರ ತೂತು ಸುಟ್ಟು ಅಗಲ ಆಗಿತ್ತು. ತೂತು ಅಗಲ ಆದರೆ ಹೊಗೆ ಹಿಂದಕ್ಕೆ ನುಗ್ಗುತ್ತದೆ, ಒಂದು ಏಟಿಗೆ ಇದ್ದ ಜೋರು ಇನ್ನೊಂದಕ್ಕೆ ಇರಲ್ಲ, ಕಣ್ಣಿಗೂ ಅಪಾಯ. ಕೇಪಿಗೆ ಬಡಿಯುವ ಕುದುರೆ ಅದರ ಮೇಲೆ ಓರೆಯಾಗಿ ಬೀಳುತ್ತಿತ್ತು, ಅದನ್ನೂ ನೆಟ್ಟಗೆ ಮಾಡಿದರು. ನಳಿಗೆಯನ್ನು ಮರಕ್ಕೆ ಹಿಡಿಯುವ ಪಟ್ಟಿ ಸಡಿಲ ಇತ್ತು, ಬಿಗಿ ಮಾಡಿದರು.

ತೊಳೆಯುವ ವಿಷಯಕ್ಕೆ ಬಂದರೆ, ನಮ್ಮ ಊರುಗಳಲ್ಲಿ ಎಲ್ಲರೂ ಸೀಮೆಎಣ್ಣೆ ಹಾಕುತ್ತಾರೆ. ಚಾಚಾ ಬೇಡವೇ ಬೇಡ ಅನ್ನುತ್ತಾರೆ. ಕರಿ ಮದ್ದಿನ ಮಸಿ ಹೆಚ್ಚಾಗಿ ಉಪ್ಪಿನ ಜಾತಿಯದು, ನೀರಿನಲ್ಲಿ ಕರಗುತ್ತದೆ. ಸೀಮೆಎಣ್ಣೆ, ಗಾಡಿ ಆಯಿಲ್ ತಾಗಿದರೆ ಅದು ಡಾಂಬರಿನ ಹಾಗೆ ಅಂಟಾಗಿ ಕೂರುತ್ತದೆ. ಬಿಸಿನೀರು, ಬಟ್ಟೆ, ಮತ್ತೆ ಒಣ ಬಟ್ಟೆ, ಆಮೇಲೆ ತೆಳ್ಳಗೆ ಎಣ್ಣೆ. ಹೊಡೆದ ದಿನವೇ ತೊಳೆಯಬೇಕು, ಮಾರನೇ ದಿನಕ್ಕೆ ಬಿಡಬಾರದು. ಎರಡು ಏಟಿನ ನಡುವೆಯೂ ಒಮ್ಮೆ ಒದ್ದೆ ಬಟ್ಟೆ, ಒಮ್ಮೆ ಒಣ ಬಟ್ಟೆ ಎಳೆಯಬೇಕು. ಇಲ್ಲದಿದ್ದರೆ ಮೊದಲ ಗುಂಡು ಸಲೀಸಾಗಿ ಇಳಿಯುತ್ತದೆ, ಮೂರನೆಯದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಸ್ಥಿತಿಯೇ ಒಂದೊಂದು ಸಲ ಒಂದೊಂದು ಥರ ಇದ್ದರೆ ಗುರಿ ಹೇಗೆ ಒಂದೇ ಥರ ಬರುತ್ತದೆ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚಿಂದಿಯ ಪಾಠ. ಗುಂಡನ್ನು ಬರಿದೇ ಹಾಕಬಾರದು, ಬಟ್ಟೆ ಚಿಂದಿಯಲ್ಲಿ ಸುತ್ತಿ ಇಳಿಸಬೇಕು. ಗುಂಡು ನಳಿಗೆಗಿಂತ ಒಂದು ಇಂಚಿನ ನೂರನೇ ಒಂದು ಭಾಗದಷ್ಟು ಸಣ್ಣದಿರುತ್ತದೆ. ಆ ಸಂದನ್ನು ತುಂಬುವುದು, ಗುಂಡನ್ನು ನಡುವೆ ಹಿಡಿಯುವುದು ಚಿಂದಿ. ಬಟ್ಟೆ ಅಪ್ಪಟ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಬೆರಕೆ ಇದ್ದರೆ ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಚಾಚಾ ಬಳಸುವುದು ಮಾದರಪಾಟ, ಒಮ್ಮೆ ಒಗೆದು ಗಂಜಿ ತೆಗೆದದ್ದು. ಅದಕ್ಕೆ ಜೇನುಮೇಣ, ಕೊಬ್ಬರಿ ಎಣ್ಣೆ ಕೂಡಿಸಿ ಕಾಯಿಸಿ ಸವರುತ್ತಾರೆ. ಬರೀ ಕೊಬ್ಬರಿ ಎಣ್ಣೆ ಯಾಕಾಗಲ್ಲ ಅಂದರೆ, ಅದು 24 ಡಿಗ್ರಿಗೇ ಕರಗಿಬಿಡುತ್ತದೆ. ಬಳ್ಳಾರಿ ಬಿಸಿಲು 40 ದಾಟುತ್ತದೆ. ಎಣ್ಣೆ ಹರಿದು ಕೆಳಗಿನ ಮದ್ದನ್ನು ಒದ್ದೆ ಮಾಡುತ್ತದೆ. ಜೇನುಮೇಣ ಕರಗಲು 60ಕ್ಕಿಂತ ಜಾಸ್ತಿ ಬೇಕು, ಅದಕ್ಕೇ ಬೇಸಿಗೆಯಲ್ಲಿ ಮೇಣ ಹೆಚ್ಚು, ಚಳಿಗಾಲದಲ್ಲಿ ಎಣ್ಣೆ ಹೆಚ್ಚು.

ಪರೀಕ್ಷೆಗೆ ಊರ ಹೊರಗೆ ಅವರದೇ ಜಾಗ ಇದೆ, ಹಿಂದೆ ಎತ್ತರದ ಮಣ್ಣಿನ ದಿಬ್ಬ. ಅವರ ಪರವಾನಗಿಯಲ್ಲೇ ಇದಕ್ಕೆ ಅನುಮತಿ ಇದೆ. ಹಲಗೆಗೆ ಕಾಗದ ಅಂಟಿಸಿ 25 ಮೀಟರಿಗೆ ನಿಲ್ಲಿಸಿದರು. ಮೊದಲ ಏಟು ಹೊಡೆದ ಮೇಲೆ ನಾನು ಕಾಗದದ ಕಡೆ ಹೋದರೆ ಚಾಚಾ ನೆಲ ನೋಡುತ್ತಾ ಹೊರಟರು. ನಾಲ್ಕೈದು ಮಾರು ದೂರದಲ್ಲಿ ಕೆಂಪು ಮಣ್ಣಿನ ಮೇಲೆ ಚಿಂದಿ ಬಿದ್ದಿತ್ತು. ಎತ್ತಿ ಬಿಸಿಲಿಗೆ ಹಿಡಿದರು. ನಡುವೆ ಕಾಳಿನಷ್ಟು ಸುಟ್ಟ ತೂತು, ಅದರ ಸುತ್ತ ಕಂದು ಬಳೆ. "ನೋಡ್ರಿ ಅಕ್ಕಾ, ಬಟ್ಟೆ ತೆಳ್ಳಗಾತು. ಬೆಂಕಿ ಒಳಗ ನುಸಳೈತೆ" ಅಂದರು. ದಪ್ಪನೆಯ ಬಟ್ಟೆ ತಗೊಂಡರು. ಮುಂದಿನ ಚಿಂದಿಯಲ್ಲಿ ತೂತಿಲ್ಲ, ಆದರೆ ಒಂದು ಮಗ್ಗುಲಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸೀಳು. ಅಂದರೆ ನಳಿಗೆ ಬಾಯಿಯ ಅಂಚು ಅಲ್ಲೊಂದು ಕಡೆ ಇನ್ನೂ ಚೂಪು ಉಳಿದಿದೆ. ಅಲ್ಲೇ ಕೂತು ನಯವಾದ ಉಜ್ಜುಕಾಗದದಿಂದ ಬೆರಳ ತುದಿಯಲ್ಲಿ ತಿಕ್ಕಿದರು. ಕೊನೆಗೆ ಸಿಕ್ಕ ಚಿಂದಿ ದುಂಡಗೆ, ಅಂಚು ಮಾತ್ರ ಬಿರಿದು, ನಡುವೆ ಬರೀ ಮಸಿ ಬಡಿದಿತ್ತು. ಹಾಗಿದ್ದರೆ ಎಲ್ಲ ಸರಿ ಇದೆ ಅಂತ ಲೆಕ್ಕ. ಕಾಗದಕ್ಕಿಂತ ಮೊದಲು ಚಿಂದಿ ಓದಬೇಕು ಅನ್ನುವುದನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ.

ಮದ್ದಿನ ಅಳತೆಯನ್ನು ನಾನು ಇಲ್ಲಿ ಬರೆಯಲ್ಲ. ಒಂದೊಂದು ನಳಿಗೆಗೆ ಒಂದೊಂದು ಅಳತೆ, ನನ್ನದನ್ನು ನೋಡಿ ಇನ್ನೊಬ್ಬರು ತುಂಬಬಾರದು. ಅಂಗೈಯಲ್ಲಿ ಸುರಿದುಕೊಂಡು ಅಂದಾಜಿಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಚಾಚಾ ಹಿತ್ತಾಳೆ ಅಳತೆ ಕೊಳವೆ ಕೊಟ್ಟು, ಇದರ ಬಾಯಿ ಸಮಕ್ಕೆ ಅಂದರು. ಪ್ರತಿ ಸಲ ಅಷ್ಟೇ, ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ತೋಟಾದಿಂದ ಬಿಚ್ಚಿದ ಹೊಗೆರಹಿತ ಮದ್ದನ್ನು ಇಂಥ ಬಂದೂಕಿಗೆ ಹಾಕಲೇಬಾರದು, ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ. ಗುಂಡು ಮದ್ದಿಗೆ ತಾಗಿ ಕೂರಬೇಕು, ನಡುವೆ ಖಾಲಿ ಜಾಗ ಉಳಿದರೂ ನಳಿಗೆ ಉಬ್ಬುವ, ಸಿಡಿಯುವ ಅಪಾಯ ಇದೆ. ಅದಕ್ಕೆ ಮರದ ಕೋಲಿನ ಮೇಲೆ ಎರಡು ಗೀರು ಕೊರೆದು ಕೊಟ್ಟಿದ್ದಾರೆ: ಒಂದು ಖಾಲಿ ನಳಿಗೆಯದು, ಇನ್ನೊಂದು ಸರಿಯಾಗಿ ತುಂಬಿದ್ದರದು. ಎರಡನೇ ಗೀರು ಬಾಯಿಯ ಮಟ್ಟಕ್ಕೆ ಬರದಿದ್ದರೆ ಕೇಪು ಹಾಕುವ ಹಾಗಿಲ್ಲ.

ಗುಂಡುಗಳನ್ನು ಅವರ ಹತ್ತಿರವೇ ತಗೊಂಡೆ, ಲೈಸೆನ್ಸ್ ಪುಸ್ತಕದಲ್ಲಿ ಬರೆಸಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಹಗುರ ಬಂದದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ಹಗುರ ಅಂದರೆ ಸೀಸದ ಒಳಗೆ ಗಾಳಿ ಗುಳ್ಳೆ ಇದೆ, ಅದು ನೆಟ್ಟಗೆ ಹೋಗಲ್ಲ.

ಇಷ್ಟೆಲ್ಲ ಆದ ಮೇಲೆ ಏಟುಗಳು ಒಂದೇ ಕಡೆ ಬೀಳತೊಡಗಿದವು, ಆದರೆ ನಡುಬಿಂದುವಿಗಿಂತ ಕೆಳಗೆ. ಆಗ ಚಾಚಾ ಅರ ಕೈಗೆ ತಗೊಂಡರು. ಏಟು ಕೆಳಗೆ ಬೀಳುತ್ತಿದ್ದರೆ ಮಖ್ಖಿಯನ್ನು ಗಿಡ್ಡ ಮಾಡಬೇಕು. ಅರ ಎರಡು ಸಲ ಆಡಿಸುವುದು, ಒಂದು ಏಟು ಹೊಡೆಯುವುದು, ಮತ್ತೆ ಎರಡು ಸಲ. ಉಜ್ಜಿದ್ದನ್ನು ತಿರುಗಿ ಅಂಟಿಸಲು ಬರಲ್ಲ, ಅದಕ್ಕೇ ಆ ನಿಧಾನ. ಮೊದಲೇ ಮಖ್ಖಿ ಉಜ್ಜಿದ್ದರೆ, ಸವೆದ ಅಂಚಿಗೂ ಸುಟ್ಟ ಚಿಂದಿಗೂ ಹೊಂದಿಸಿ ಉಜ್ಜಿದ ಹಾಗಾಗುತ್ತಿತ್ತು.

ಹೋದಾಗ 25 ಮೀಟರಿನಲ್ಲಿ ಏಟುಗಳು ಇಡೀ ಹಲಗೆ ಮೇಲೆ ಚದುರುತ್ತಿದ್ದವು, ಕೆಲವು ಹಲಗೆಗೇ ತಾಗುತ್ತಿರಲಿಲ್ಲ. ಈಗ ನಾಲ್ಕು ಇಂಚಿನೊಳಗೆ ಬೀಳುತ್ತವೆ. 50 ಮೀಟರಿಗೆ ಹೋದರೆ ಮತ್ತೆ ಹರಡುತ್ತವೆ. ನುಣ್ಣನೆ ನಳಿಗೆಯಿಂದ ಅಷ್ಟು ದೂರಕ್ಕೆ ಗುರಿ ಕೇಳಬಾರದು ಅಂತ ಚಾಚಾ ಮುಂಚೆಯೇ ಹೇಳಿದ್ದರು. ಆಗದ್ದನ್ನು ಆಗುತ್ತದೆ ಅಂತ ಹೇಳಿ ದುಡ್ಡು ಕೀಳುವವರಲ್ಲ.

ಬೇಸರದ ಸಂಗತಿಗಳೂ ಇವೆ. ಮರದ ಭಾಗಕ್ಕೆ ನಾನು ಹೇಳದೆಯೇ ಪಾಲಿಶ್ ಹೊಡೆಸಿದ್ದರು. ಮಾವನವರ ಕೈ ತಾಗಿ ತಾಗಿ ಬಂದಿದ್ದ ಹಳೆ ಬಣ್ಣ ಹೋಗಿ ಬಾಗಿಲ ಚೌಕಟ್ಟಿನ ಹೊಳಪು ಬಂದಿದೆ. ಕೈಯಲ್ಲಿ ಜಾರುತ್ತದೆ ಕೂಡ. ಕೇಳಿ ಮಾಡಬೇಕಿತ್ತು. ನಿಪ್ಪಲ್ ಅವರ ಹತ್ತಿರ ಇರಲಿಲ್ಲ, ಬೇರೆ ಕಡೆಯಿಂದ ತರಿಸುವ ತನಕ ಕಾಯಬೇಕಾಯ್ತು. ಫೋನ್ ಮಾಡಿದರೆ "ಬರ್ತೈತೆ ಅಕ್ಕಾ" ಅನ್ನುವುದೊಂದೇ ಉತ್ತರ. ಬಂದಿಲ್ಲ ಅಂದರೆ ಬಂದಿಲ್ಲ ಅಂತಲೇ ಹೇಳಬೇಕು, ಸಂಡೂರಿನಿಂದ ಬಸ್ಸು ಹಿಡಿದು ಬರುವವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಇಟ್ಟುಹೋದ ಬಂದೂಕಿಗೆ ಮಾತ್ರ ರಿಜಿಸ್ಟರಿನಲ್ಲಿ ನಂಬರ್ ಬರೆದುಕೊಂಡು, ಸೀಲ್ ಹಾಕಿ ರಸೀದಿ ಕೊಟ್ಟರು. ಅದರಲ್ಲಿ ಒಂಚೂರೂ ಕೊರತೆ ಇಲ್ಲ.

ಖರ್ಚು ಎಲ್ಲ ಸೇರಿ 3,400 ರೂಪಾಯಿ, ಅದರಲ್ಲಿ ಆ ಪಾಲಿಶ್‌ಗೇ 600. ಬೇಡ ಅಂತ ಮೊದಲೇ ಹೇಳಿದರೆ ಉಳಿಯುತ್ತದೆ. ಕೆಲಸಕ್ಕೆ ಹೋಲಿಸಿದರೆ ಉಳಿದ ದುಡ್ಡು ಜಾಸ್ತಿ ಅನ್ನಿಸಲಿಲ್ಲ.

ಹೋಗುವವರು ಮೂಲ ಲೈಸೆನ್ಸ್ ಪುಸ್ತಕ ಒಯ್ಯಿರಿ, ಜೆರಾಕ್ಸ್ ತೋರಿಸಿದರೆ ಬಂದೂಕಿನ ಚೀಲವನ್ನೇ ಬಿಚ್ಚಲು ಬಿಡಲ್ಲ. ಲೈಸೆನ್ಸ್ ಅವಧಿ ನೋಡಿಕೊಳ್ಳಿ, 2019ರ ತಿದ್ದುಪಡಿ ಆದ ಮೇಲೆ ಅದು ಐದು ವರ್ಷ. ಮೊದಲು ಕೇಪು ತೆಗೆದು, ಬಂದೂಕು ಖಾಲಿ ಇದೆಯಾ ಅಂತ ಕೋಲು ಬಿಟ್ಟು ಅಳೆದು, ಚೀಲಕ್ಕೆ ಹಾಕಿ ಹೊರಡಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಪರೀಕ್ಷೆ ಹೊಡೆತ ಇರುವುದು ಬೆಳಗ್ಗೆ ಮಾತ್ರ, ಗಾಳಿ ಏಳುವ ಮುಂಚೆ. ಹಿಂದಿನ ದಿನವೇ ಹೇಳಿ ಇಟ್ಟಿರಬೇಕು. ಹಳೆ ಹತ್ತಿ ಪಂಚೆ ಇದ್ದರೆ ಒಂದು ತುಂಡು ಜೊತೆಗೆ ಒಯ್ಯಿರಿ, ನಿಮ್ಮ ನಳಿಗೆಗೆ ಆ ದಪ್ಪ ಹೊಂದುತ್ತದಾ ಅಂತ ಅಲ್ಲೇ ನೋಡಿ ಹೇಳುತ್ತಾರೆ.